ಕೊಯ್ದುಹಾಕಿದ ಕೊಂಡಿ

ಕೆಳಗಿನ ಮನೆಯಿಂದ ಮೇಲಿನ ಮನೆಗೆ ಹದಿನಾಲ್ಕು ಮೆಟ್ಟಿಲು. ಮಧುಮತಿ ಅವನ್ನು ಹತ್ತಿ ಎಣಿಸಿದ್ದಲ್ಲ, ಕೇಳಿ ಎಣಿಸಿದ್ದು. ಮಗು ಅಳಲು ಶುರುಮಾಡಿದ ಸ್ವಲ್ಪ ಹೊತ್ತಿಗೆಲ್ಲ ಕೆಳಗೆ ಚಿಲಕ ತೆಗೆದ ಸದ್ದಾಗುತ್ತಿತ್ತು. ಆಮೇಲೆ ಹವಾಯಿ ಚಪ್ಪಲಿಯ ಸಪ್ಪಳ. ಏಳನೆಯ ಮೆಟ್ಟಿಲಿಗೆ ತಿರುವು, ಅಲ್ಲೊಂದು ದೊಡ್ಡ ಉಸಿರು. ಹದಿನಾಲ್ಕಕ್ಕೆ ಆ ಸಪ್ಪಳ ಅವಳ ಬಾಗಿಲ ಆಚೆ ಬಂದು ನಿಂತುಬಿಡುತ್ತಿತ್ತು.

ಬಾಗಿಲನ್ನು ಮಾತ್ರ ಯಾರೂ ಬಡಿಯುತ್ತಿರಲಿಲ್ಲ.

ಮಧುಮತಿ ಮಗುವನ್ನು ಎದೆಗೊತ್ತಿಕೊಂಡು ಬಾಗಿಲ ಕೆಳಗಿನ ಸಂದಿಯನ್ನೇ ನೋಡುತ್ತ ಕೂರುತ್ತಿದ್ದಳು. ಅಲ್ಲಿ ಎರಡು ನೆರಳು ಕಾಣುತ್ತಿತ್ತು, ಎರಡು ಪಾದದ್ದು. ಒಂದು ನಿಮಿಷ, ಕೆಲವು ಸಲ ಐದು ನಿಮಿಷ. ಆಮೇಲೆ ನೆರಳು ಸರಿದು, ಚಪ್ಪಲಿ ಹದಿನಾಲ್ಕು ಮೆಟ್ಟಿಲು ಇಳಿದು ಹೋಗುತ್ತಿತ್ತು. ಮನೆ ಓನರ್ ಜಯದೇವಪ್ಪನವರು. ಅರವತ್ತು ದಾಟಿದವರು, ಹಣೆ ತುಂಬ ವಿಭೂತಿ, ಮಾತು ಕಡಿಮೆ. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡಿಕೊಂಡಿದ್ದು, ಸುದ್ದಗುಂಟೆಪಾಳ್ಯದ ಈ ಮನೆಯನ್ನು ತಾವೇ ನಿಂತು ಕಟ್ಟಿಸಿದವರು. ಕೆಳಗೆ ತಾವು, ಹೆಂಡತಿ ನೀಲಗಂಗಮ್ಮ. ಮೇಲೆ ಬಾಡಿಗೆಗೆ ಒಂದು ಹಾಲು, ಒಂದು ರೂಮು, ಒಂದು ಅಡುಗೆಮನೆ.

ಮಧುಮತಿಯ ಗಂಡ ಮೌನೇಶ ಜಯನಗರದ ಒಂದು ಕಂಪನಿಯಲ್ಲಿ ಜೆರಾಕ್ಸ್ ಮಷಿನ್ ರಿಪೇರಿ ಮಾಡುತ್ತಿದ್ದ. ಬೆಳಿಗ್ಗೆ ಎಂಟಕ್ಕೆ ಹೊರಟರೆ ವಾಪಸಾಗುವುದು ಸಂಜೆ ಏಳಕ್ಕೆ. ಅಷ್ಟು ಹೊತ್ತೂ ಅವಳು, ಐದು ತಿಂಗಳ ರೇಣು, ಮತ್ತೆ ಆ ಮೆಟ್ಟಿಲು.

ಇಷ್ಟಕ್ಕೂ ತಪ್ಪು ಇವರದೇ. ಈ ಮನೆಯನ್ನು ಇವರು ಸುಳ್ಳು ಹೇಳಿ ಹಿಡಿದಿದ್ದರು.

ಸುಳ್ಳು ಅಂದರೆ ಹೇಳುವಾಗ ಅದು ಸುಳ್ಳಾಗಿರಲಿಲ್ಲ. ಹಿಂದಿನ ವರ್ಷ, ತೊಂಬತ್ತೆಂಟರ ನವೆಂಬರಿನಲ್ಲಿ, ಮಧುಮತಿ ಏಳು ತಿಂಗಳ ಬಸುರಿಯಾಗಿ ಗದಗಿನ ತವರಿನಲ್ಲಿದ್ದಳು. ಅದಕ್ಕೂ ಮುಂಚೆ ಒಂದು ಬಸಿರು ಆರನೇ ತಿಂಗಳಿಗೆ ಹೋಗಿತ್ತು. ಊರಿಗೆಲ್ಲ ಹೇಳಿಕೊಂಡು, ಹಸಿರು ಬಳೆ ತೊಟ್ಟು ತಿರುಗಿದ್ದಕ್ಕೇ ಹೀಗಾಯಿತು ಎಂದು ಅವಳ ಅವ್ವ ಶಿವಬಸವ್ವ ನಂಬಿದ್ದಳು. ಈ ಸಲ ಮಗಳನ್ನೂ ಅಳಿಯನನ್ನೂ ದೇವರ ಮುಂದೆ ನಿಲ್ಲಿಸಿ, ದೀಪ ಮುಟ್ಟಿಸಿದ್ದಳು.

“ತೊಟ್ಲಾಗ ಹಾಕೂತನಕ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಯಾರರ ಕೇಳಿದ್ರ, ಇಲ್ಲ ಅನ್ರಿ.”

ಆ ತಿಂಗಳಲ್ಲೇ ಮೌನೇಶ ಹೊಸಕೆರೆಹಳ್ಳಿಯ ಬ್ಯಾಚುಲರ್ ರೂಮು ಬಿಟ್ಟು ಸಂಸಾರಕ್ಕೆ ಮನೆ ಹುಡುಕುತ್ತಿದ್ದ. ಹದಿನೇಳು ಮನೆ ನೋಡಿ, ಹದಿನೆಂಟನೆಯದಾಗಿ ಈ ಗೇಟಿನ ಟು ಲೆಟ್ ಬೋರ್ಡಿನ ಕೆಳಗೆ ನಿಂತಿದ್ದ.

“ಎಷ್ಟು ಜನಪ್ಪಾ?” ಎಂದು ಜಯದೇವಪ್ಪ ಕೇಳಿದ್ದರು.

“ನಾನು, ನಮ್ಮ ಮನಿಯವರು. ಇಬ್ರ ರೀ ಸರ.”

“ಮಕ್ಕಳು ಮರಿ?”

ಮೌನೇಶನ ಕಣ್ಣ ಮುಂದೆ ದೀಪ ಬಂದಿತ್ತು, ಅತ್ತೆ ಬಂದಿದ್ದಳು. “ಇಲ್ರೀ ಸರ.”

“ಒಳ್ಳೇದಾಯ್ತು. ಕೈಕೂಸಿರೋರಿಗೆ ನಾನು ಮನೆ ಕೊಡಲ್ಲ. ಬೇಜಾರು ಮಾಡ್ಕೋಬೇಡಿ, ಅದೊಂದು ನಮ್ಮನೆ ರೂಲ್ಸು.”

ಆಗಲೇ ಬಾಯಿ ಬಿಡಬಹುದಿತ್ತು. ದೀಪ ಮುಟ್ಟಿದ ಕೈ ತಡೆಯಿತು. ಮಗು ಹುಟ್ಟಿದ ಮೇಲೆ, ತೊಟ್ಟಿಲಲ್ಲಿ ಹಾಕಿ ಹೆಸರಿಟ್ಟ ಮೇಲೆ ಹೇಳಬಹುದಿತ್ತು. ಅಷ್ಟು ಹೊತ್ತಿಗೆ ಸುಳ್ಳು ಎರಡು ತಿಂಗಳು ಹಳತಾಗಿತ್ತು. ಈ ವಾರ ಹೇಳೋಣ, ಮುಂದಿನ ವಾರ ಹೇಳೋಣ ಎನ್ನುತ್ತಲೇ ಬಾಣಂತನ ಮುಗಿದು, ಜೂನ್ ತಿಂಗಳ ಒಂದು ಬೆಳಿಗ್ಗೆ ಮಧುಮತಿ ಐದು ತಿಂಗಳ ಮಗುವನ್ನು ಎತ್ತಿಕೊಂಡು ಆಟೋ ಇಳಿದಳು. ಮೌನೇಶನ ಕೈಯಲ್ಲಿ ಟ್ರಂಕು, ಹೆಗಲ ಮೇಲೆ ಅತ್ತೆ ಕಟ್ಟಿಕೊಟ್ಟ ಜೋಲಿಯ ಗಂಟು: ಇಳಕಲ್ ಸೀರೆ, ಹಗ್ಗ, ಸೀರೆ ಅಗಲಿಸಲು ಒಂದು ಮರದ ಪಟ್ಟಿ.

ಜಯದೇವಪ್ಪ ದಾಸವಾಳದ ಗಿಡಕ್ಕೆ ನೀರು ಬಿಡುತ್ತಿದ್ದರು. ಮಗುವನ್ನು ಕಂಡರು. ಆಮೇಲೆ ಆ ಗಂಟನ್ನು ಕಂಡರು. ಪೈಪಿನ ನೀರು ಅವರ ಪಂಚೆ, ಪಾದ ಎಲ್ಲ ತೋಯಿಸಿ ಗೇಟಿನ ಹೊರಗೆ ಹರಿಯಿತು, ಅವರಿಗೆ ಗೊತ್ತಾಗಲಿಲ್ಲ. ಪೈಪನ್ನು ಅಲ್ಲೇ ಬಿಟ್ಟು ಒಳಗೆ ಹೋದರು. ನೀಲಗಂಗಮ್ಮ ಓಡಿಬಂದು ಮಗುವಿನ ಕೆನ್ನೆ ಸವರಿ, “ಮೊದ್ಲೇ ಒಂದು ಮಾತು ಹೇಳಬಾರ್ದಿತ್ತೇನಮ್ಮಾ?” ಎಂದರು. ಅವರ ಕಣ್ಣಲ್ಲಿದ್ದದ್ದು ಸಿಟ್ಟಲ್ಲ, ಹೆದರಿಕೆ. ಅದನ್ನು ಮಧುಮತಿ ಅವತ್ತೇ ಗುರುತಿಸಿದ್ದಳು. ಯಾತರ ಹೆದರಿಕೆ ಎಂಬುದು ಮಾತ್ರ ತಿಳಿಯಲಿಲ್ಲ.

ಸಂಜೆ ಮೌನೇಶನನ್ನು ಕೆಳಗೆ ಕರೆಸಿದರು. ಅವನು ಐದೇ ನಿಮಿಷಕ್ಕೆ ಮೇಲೆ ಬಂದ.

“ಏನಂದ್ರು?”

“ಆಷಾಢದಾಗ ಯಾರನ್ನೂ ಮನಿ ಬಿಡಸಬಾರದಂತ. ಅದಕ್ಕ ಉಳಕೊಂಡೀವಿ. ಶ್ರಾವಣ ಹುಟ್ಟಿದ ಕೂಡ್ಲೆ ಖಾಲಿ ಮಾಡ್ಬೇಕಂತ.”

“ನೀವು ತಪ್ಪಾತು ಅನ್ಲಿಲ್ಲೇನು?”

“ಅಂದ್ನಿ. ಅವರು, ನಿಮ್ಮ ತಪ್ಪಲ್ಲ ಹೋಗಿ ಅಂದ್ರು. ಬೈದಿದ್ರ ಚೊಲೊ ಇತ್ತು ನೋಡ ಮಧು.”

ಹಾಗೆ ಅವರಿಗೆ ಒಂದು ಆಷಾಢ ಸಿಕ್ಕಿತು. ಭಾನುವಾರ ಬಂದರೆ ಮೌನೇಶ ಸೈಕಲ್ ಏರಿ ಕೋಣನಕುಂಟೆಯವರೆಗೂ ಹೋಗಿ ಮನೆ ನೋಡಿಬರುತ್ತಿದ್ದ. ಒಂದು ಕಡೆ ನೀರಿಲ್ಲ, ಒಂದು ಕಡೆ ಶೀಟಿನ ಮನೆ, ಒಂದು ಕಡೆ ಕೈಕೂಸಿನ ಮಾತೆತ್ತಿದ್ದೇ ತಡ ಗೇಟು ಮುಚ್ಚಿದ್ದರು. ಮಧುಮತಿ ತನ್ನ ಕೈಲಾದದ್ದು ಮಾಡಿದಳು. ಮಗುವಿನ ಅಳು ಕೆಳಗೆ ಕೇಳದಿದ್ದರೆ ಅವರ ಮನಸ್ಸು ತಿರುಗೀತು ಎಂದು ಅವಳ ಲೆಕ್ಕ. ಹಸಿವಾಗುವ ಮೊದಲೇ ಹಾಲು ಕೊಟ್ಟಳು. ಹೊಟ್ಟೆನೋವಿಗೆ ಓಂಕಾಳು ಕುದಿಸಿ ಕುಡಿಸಿದಳು. ಅಷ್ಟಾಗಿಯೂ ಅತ್ತರೆ ಕುಕ್ಕರಿಗೆ ಬರೀ ನೀರು ಹಾಕಿ ಒಲೆಯ ಮೇಲಿಟ್ಟು ಸೀಟಿ ಹಾಕಿಸುತ್ತಿದ್ದಳು. ಸೀಟಿಯ ಸದ್ದಿನಲ್ಲಿ ಅಳು ಮುಚ್ಚಿಹೋಗುತ್ತದೆ ಎಂದುಕೊಂಡರೆ, ಕುಕ್ಕರ್ ಇಟ್ಟ ದಿನವೇ ಆ ಪಾದಗಳು ಬಾಗಿಲಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಿದ್ದವು.

ಒಂದು ಬೆಳಿಗ್ಗೆ ಸೊಪ್ಪಿನ ಸೀತಮ್ಮ ಗೇಟಿನ ಹತ್ತಿರ ಬುಟ್ಟಿ ಇಳಿಸಿದಳು. ಇಪ್ಪತ್ತು ವರ್ಷದಿಂದ ಆ ಬೀದಿಯಲ್ಲಿ ಸೊಪ್ಪು ಮಾರುವವಳು. ಮಧುಮತಿಯ ಸೊಂಟದ ಮೇಲಿದ್ದ ರೇಣುವನ್ನು ನೋಡಿ ಮುಖ ಒಂಥರಾ ಮಾಡಿದಳು.

“ಮಗೂನ ಎಲ್ಲಿ ಮಲಗುಸ್ತೀಯಮ್ಮಾ? ಆ ರೂಮಲ್ಲಾ?”

“ಹೌದ್ರೀ. ಯಾಕ?”

“ಯಾಕೂ ಇಲ್ಲ. ತಲೆ ಎತ್ತಿ ಮೇಲೆ ನೋಡು, ಗೊತ್ತಾಗುತ್ತೆ. ಆಯಪ್ಪನೇ ಸ್ಟೂಲ್ ಹತ್ತಿ ಕೊಯ್ದಾಕಿದ್ದು. ಬೆಳಿಗ್ಗೆಯಿಂದ ಮಧ್ಯಾಹ್ನದವರ್ಗೂ ಕೊಯ್ದ. ಇಡೀ ಬೀದಿಗೆ ಕೇಳುಸ್ತು. ಆವತ್ತಿಂದ ಇದರೊಳಗೆ ಕೂಸು ಅತ್ತಿದ್ದೇ ಇಲ್ಲ, ನಿನ್ನದೇ ಮೊದ್ಲು...” ಅಷ್ಟರಲ್ಲಿ ನೀಲಗಂಗಮ್ಮ ಹೊರಗೆ ಬಂದರು. ಸೀತಮ್ಮನ ದನಿ ಒಮ್ಮೆಲೇ ಬದಲಾಯಿತು. “ದಂಟಿನ ಸೊಪ್ಪು ಎಳೇದಿದೆ, ಬಾಣಂತಿಗೆ ಒಳ್ಳೇದು. ಎರಡು ಕಟ್ಟು ಹಾಕ್ಲಾ?”

ಮಧುಮತಿ ಮೇಲೆ ಬಂದವಳೇ ರೂಮಿನ ಮಧ್ಯೆ ನಿಂತು ಕತ್ತೆತ್ತಿದಳು. ಸುಣ್ಣ ಬಳಿದ ತಾರಸಿಯಲ್ಲಿ, ಸರಿಯಾಗಿ ಅವಳ ಹಾಸಿಗೆಯ ಮೇಲೆ, ಪೆನ್ಸಿಲ್ ದಪ್ಪದ ಕಬ್ಬಿಣದ ಒಂದು ಮೊಳಕೆ. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ. ತುದಿ ಚಪ್ಪಟೆ, ಗರಗಸದ ಗೀರು ಸುಣ್ಣದ ಒಳಗಿಂದಲೂ ಕಾಣುತ್ತಿತ್ತು. ಒಂದು ಕೊಂಡಿ ಇದ್ದದ್ದು, ಅದನ್ನು ಕೊಯ್ದುಹಾಕಿದ್ದು. ಅದರ ಕೆಳಗೆ ಬಂದಾಗಿನಿಂದ ತನ್ನ ಮಗು ಮಲಗಿದೆ.

ಅವತ್ತು ಸಂಜೆ ಮೌನೇಶ ಚಪ್ಪಲಿ ಬಿಡುವ ಮುಂಚೆಯೇ ಅವನನ್ನು ಅಲ್ಲಿಗೆ ಎಳೆದುಕೊಂಡು ಹೋದಳು.

“ಇಲ್ಲಿ ಯಾರೋ ಉರ್ಲ ಹಾಕ್ಕೊಂಡಾರ್ರೀ.”

“ಹುಚ್ಚೀ, ಫ್ಯಾನಿನ ಹುಕ್ ಇರ್ಬೇಕಲೇ.”

“ಫ್ಯಾನಿನ ಹುಕ್ ಯಾರರ ಕೊಯ್ತಾರೇನ್ರಿ? ಫ್ಯಾನ್ ಹಾಕ್ತಾರ.”

ಅವನು ಕತ್ತೆತ್ತಿ ಅದನ್ನು ಇನ್ನೊಮ್ಮೆ ನೋಡಿದ. ಹಾಸಿಗೆಯನ್ನು ಸುತ್ತಿ ಹಾಲಿಗೆ ತಂದು ಹಾಸಿದ. ಮರುದಿನದಿಂದ ಮಧುಮತಿ ಹಗಲಲ್ಲೂ ಬಾಗಿಲಿಗೆ ಚೈನು ಹಾಕಿ, ಅದಕ್ಕೆ ಒರಳುಕಲ್ಲನ್ನು ಒತ್ತಿ ಇಡತೊಡಗಿದಳು. ಹೊರಗೆ ಪಾದ ಬಂದು ನಿಂತಾಗ ಒಂದೇ ಯೋಚನೆ: ಇವರು ಒಳಗೆ ಬಂದರೆ ಮಗುವನ್ನು ಎತ್ತಿಕೊಂಡು ಓಡುವುದು ಯಾವ ಕಡೆಗೆ? ಬಾಲ್ಕನಿಗೆ ಗ್ರಿಲ್ಲು. ಅಡುಗೆಮನೆಯ ಕಿಟಕಿಗೆ ಗ್ರಿಲ್ಲು. ಇದ್ದದ್ದು ಒಂದೇ ಬಾಗಿಲು, ಅದರ ಆಚೆ ಅವರು.

ಆಷಾಢದ ಅಮಾವಾಸ್ಯೆಗೆ ಇನ್ನು ಎಂಟು ದಿನ ಇರುವಾಗ ಮಗುವಿಗೆ ಸೂಜಿ ಹಾಕಿಸಿಕೊಂಡು ಬಂದರು. ಜ್ವರ ಬಂತು, ತೊಡೆ ಬಾತಿತು. ರೇಣು ಎರಡು ದಿನ ಒಂದೇ ಸಮ ಅತ್ತಳು. ನೆಲದ ಮೇಲೆ ಹಾಕಿದರೆ ಚೀರುತ್ತಿದ್ದಳು, ಎತ್ತಿಕೊಂಡರೆ ತೊಡೆ ನೋವಿಗೆ ಇನ್ನೂ ಜೋರಾಗಿ. ತವರಿನಲ್ಲಿ ಜೋಲಿಯಲ್ಲಿ ಬೆಳೆದ ಮಗು. ಜೋಲಿಯನ್ನು ಕಟ್ಟೋಣವೆಂದರೆ ಈ ಮನೆಯಲ್ಲಿ ಒಂದು ಕೊಂಡಿಯೂ ಇಲ್ಲ.

“ಬಟ್ಟಿ ಒಣಾ ಹಾಕೂ ಪೈಪಿಗೆ ಕಟ್ಟೂಣೇನ್ರಿ?” ಎಂದಳು ಮಧುಮತಿ.

ರೂಮಿನಲ್ಲಿ ಗೋಡೆಯಿಂದ ಗೋಡೆಗೆ, ತಲೆಯ ಮೇಲೆ, ಒಂದು ಕಬ್ಬಿಣದ ಪೈಪಿತ್ತು. ಮಳೆಗಾಲದಲ್ಲಿ ಮಗುವಿನ ಬಟ್ಟೆಯೆಲ್ಲ ಅದರ ಮೇಲೆಯೇ. ಮೌನೇಶ ಎರಡು ಕೈಯಿಂದ ಹಿಡಿದು ಎರಡು ಸಲ ಜಗ್ಗಿ, “ಗಟ್ಟಿ ಅದ” ಎಂದ. ಜೋಲಿ ಕಟ್ಟಿ ಕೆಲಸಕ್ಕೆ ಹೋದ. ಆ ರೂಮೆಂದರೆ ಅವಳಿಗೆ ಆಗುತ್ತಿರಲಿಲ್ಲ. ಆದರೆ ಮಗುವಿನ ಸಂಕಟದ ಮುಂದೆ ಅವಳ ಹೆದರಿಕೆ ಯಾವ ಲೆಕ್ಕ? ಮೇಲೆ ನೋಡದೆ, ಕೆಳಗೆ ನೋಡುತ್ತ ತೂಗಿದಳು. ಕಿರ್, ಕಿರ್ ಎಂದು ಪೈಪು ಸದ್ದು ಮಾಡಿತು. ಎರಡು ದಿನದಲ್ಲಿ ಮೊದಲ ಬಾರಿ ರೇಣು ಕಣ್ಣು ಮುಚ್ಚಿದಳು.

ಸೂಜಿ ಹಾಕಿಸಿದ ಮೂರನೆಯ ದಿನದ ಮಧ್ಯಾಹ್ನ. ಅಳು ನಿಂತು, ಮನೆಯೆಲ್ಲ ಸ್ತಬ್ಧವಾಗಿ, ಬರೀ ಕಿರ್ ಕಿರ್ ಸದ್ದು. ಕೆಳಗೆ ಚಿಲಕ ತೆಗೆದ ಸದ್ದಾಯಿತು.

ಈ ಸಲ ಚಪ್ಪಲಿಯ ಸಪ್ಪಳವಿಲ್ಲ. ಬರಿಗಾಲು. ಏಳನೆಯ ಮೆಟ್ಟಿಲಿಗೆ ಉಸಿರೂ ಇಲ್ಲ. ದಡದಡ ಓಡಿ ಬಂದ ಸದ್ದು, ಅದರ ಹಿಂದೆಯೇ ಎರಡು ಅಂಗೈ ಬಾಗಿಲ ಮೇಲೆ.

“ಎತ್ಕೊಳಮ್ಮಾ! ಮಗೂನ ಎತ್ಕೋ!”

ಬಾಗಿಲು ಬಡಿತಕ್ಕೆ ಚೈನು ಕುಣಿಯುತ್ತಿತ್ತು, ಒರಳುಕಲ್ಲು ನೆಲದ ಮೇಲೆ ಕರಕರ ಎಂದು ಒಂದು ಬೆರಳಷ್ಟು ಹಿಂದೆ ಸರಿಯಿತು.

“ಬ್ಯಾಡ್ರಿ ಅಪ್ಪಾರ! ನಮ್ಮ ಮನಿಯವರು ಬರ್ಲಿ, ನಾಳೆನೇ ಬಿಟ್ಟು ಹೋಗತೀವ್ರಿ!”

“ಮೊದ್ಲು ಮಗೂನ ಎತ್ಕೊಳೇ ತಾಯಿ! ಅದರ ಕೆಳಗೆ ಇರಬೇಡ!”

ಅವರ ಮಾತು ಕೇಳಿ ಎತ್ತಿಕೊಂಡಳೋ, ಅವರ ಹೆದರಿಕೆಗೆ ಎತ್ತಿಕೊಂಡಳೋ, ಅವಳಿಗೆ ಕಡೆಗೂ ಹೇಳಲು ಬರಲಿಲ್ಲ. ಮಗುವನ್ನು ಜೋಲಿಯಿಂದ ಬಾಚಿ ತೆಗೆದು ಹಾಲಿನ ಮೂಲೆಗೆ ಓಡಿದಳು. ಕೆಳಗಿನಿಂದ ನೀಲಗಂಗಮ್ಮನ ದನಿ ಮೆಟ್ಟಿಲು ಏರಿ ಬಂತು. “ಬಾಗ್ಲು ತೆಗಿ ಮಗಳೇ, ನಾನೂ ಇದೀನಿ. ಹೆದರ್ಕೋಬೇಡ.” ಹೆಂಗಸಿನ ದನಿ ಕೇಳಿದ ಮೇಲೆಯೇ ಅವಳು ಕಾಲಿನಿಂದ ಕಲ್ಲನ್ನು ಸರಿಸಿ ಚೈನು ತೆಗೆದದ್ದು.

ಜಯದೇವಪ್ಪ ಅವಳತ್ತ ನೋಡಲೂ ಇಲ್ಲ. ಮಗು ಅವಳ ಹೆಗಲ ಮೇಲಿದೆ ಎಂಬುದನ್ನು ಮಾತ್ರ ನೋಡಿ ನೇರ ರೂಮಿಗೆ ಹೋದರು. ಬನಿಯನ್ನು, ಪಂಚೆ, ಕೆದರಿದ ಕೂದಲು. ಖಾಲಿ ಜೋಲಿ ಇನ್ನೂ ಸಣ್ಣಗೆ ತೂಗುತ್ತಿತ್ತು. ಅವರು ಅದರ ಪಕ್ಕಕ್ಕೆ ನಿಂತು, ಕೈ ಮೇಲೆತ್ತಿ ಪೈಪನ್ನು ಹಿಡಿದು, ಎರಡೂ ಕಾಲು ಮಡಚಿ ಜೋತುಬಿದ್ದರು.

ಒಂದು ಗಳಿಗೆ ಏನೂ ಆಗಲಿಲ್ಲ. ಆ ವಯಸ್ಸಾದ ಮನುಷ್ಯ ಗಂಟೆಯ ಹಗ್ಗಕ್ಕೆ ಜೋತುಬಿದ್ದ ಹುಡುಗನ ಹಾಗೆ ಅಲ್ಲಿ ತೂಗಿದರು. ಆಮೇಲೆ ಬಲಗಡೆ ಗೋಡೆಯಿಂದ ಗಾರೆ ಉದುರಿತು. ಇಟ್ಟಿಗೆಯ ಒಂದು ಚೂರಿನ ಸಮೇತ ಪೈಪಿನ ತುದಿ ಕಿತ್ತು ಬಂದು, ಜೋಲಿಯ ನಡುವಿಗೇ ಬಿತ್ತು. ಜಯದೇವಪ್ಪ ನೆಲದ ಮೇಲೆ ಕುಸಿದು ಕೂತರು.

ಮಧುಮತಿ ಮಗುವಿನ ತಲೆಯನ್ನು ಅಂಗೈಯಿಂದ ಮುಚ್ಚಿಕೊಂಡಳು. ರೇಣು ಒಂದು ಸಲ ಸೀನಿದಳು.

“ಮಗು ಭಾರಕ್ಕೆ ಬೀಳ್ತಿತ್ತೋ ಇಲ್ವೋ ನನಗೆ ಗೊತ್ತಿಲ್ಲಮ್ಮಾ,” ಎಂದರು ಅವರು, ಗೋಡೆಯ ತೂತನ್ನೇ ನೋಡುತ್ತ. “ಆವತ್ತೂ ಗೊತ್ತಿರ್ಲಿಲ್ಲ.”

ನೀಲಗಂಗಮ್ಮ ಗಂಡನಿಗೆ ನೀರು ಕುಡಿಸಿದರು. ಅವರು ಅಲ್ಲೇ, ಆ ಧೂಳಿನಲ್ಲೇ ಕೂತು ಹೇಳಿದರು. ಮೂರು ವರ್ಷದ ಹಿಂದೆ ಈ ಮನೆಯಲ್ಲಿ ದಾವಣಗೆರೆ ಕಡೆಯ ಗಂಡಹೆಂಡಿರಿದ್ದರು. ಅವರಿಗೊಂದು ಎಂಟು ತಿಂಗಳ ಹೆಣ್ಣುಮಗು. ತೊಟ್ಟಿಲು ತೂಗುಹಾಕಲು ಹುಕ್ಕು ಬೇಕು ಎಂದಿದ್ದರು.

“ಮೇಸ್ತ್ರಿ ನಾಳೆ ಬರ್ತೀನಿ, ನಾಡಿದ್ದು ಬರ್ತೀನಿ ಅಂತಿದ್ದ. ಮನೇಲಿ ಒಂದು ಕಂಬಿ ಚೂರಿತ್ತು, ಸಣ್ಣದು. ನಾನೇ ಬಗ್ಗಿಸಿ ಕೂರಿಸ್ದೆ. ಕೈಯಲ್ಲಿ ಜಗ್ಗಿ ನೋಡ್ದೆ, ಗಟ್ಟಿ ಇತ್ತು. ಎರಡು ತಿಂಗಳು ಗಟ್ಟೀನೇ ಇತ್ತು. ಆಮೇಲೆ ಕಿರ್ ಕಿರ್ ಅನ್ನೋಕೆ ಶುರುವಾಯ್ತು. ಕೆಳಗೆ ನಮಗೂ ಕೇಳ್ತಿತ್ತು. ಒಂದು ತೊಟ್ಟು ಎಣ್ಣೆ ಬಿಡಬೇಕು ಅಂದ್ಕೊಂಡೆ. ಒಂದು ವಾರ ಬರೀ ಅಂದ್ಕೊಂಡೆ.” ಅವರ ತೋರುಬೆರಳು ಗಾಳಿಯಲ್ಲಿ ಒಂದು ಕೊಂಡಿಯನ್ನು ಬರೆದು, ನಿಧಾನಕ್ಕೆ ಅದನ್ನು ನೆಟ್ಟಗೆ ಮಾಡಿತು. “ದಿನಾ ಕೂದಲೆಳೆಯಷ್ಟು ಬಾಯಿ ಬಿಡ್ತಾ ಹೋಗಿದೆ. ನಾವ್ಯಾರೂ ತಲೆ ಎತ್ತಿ ನೋಡ್ಲಿಲ್ಲ, ತೊಟ್ಟಿಲು ಬೀಳೋವರ್ಗೂ.”

“ಕೂಸು?” ಎಂದು ಮಧುಮತಿ ಕೇಳಿದಳು. ಕೇಳಬಾರದಿತ್ತು ಎಂದು ಕೂಡಲೇ ಅನ್ನಿಸಿತು.

“ಉಳೀತು. ಹದಿನೆಂಟು ದಿನ ಆಸ್ಪತ್ರೆ. ಅಲ್ಲಿಂದ ಹಾಗೇ ಊರಿಗೆ ಕರ್ಕೊಂಡೋದ್ರು. ಸಾಮಾನು ಒಯ್ಯೋಕೆ ಬಂದ ಆ ಮಗು ತಾಯಿಯ ಅಣ್ಣ ನನ್ನ ಮುಖ ನೋಡ್ಲಿಲ್ಲ, ಅಡ್ರೆಸ್ಸೂ ಕೊಡ್ಲಿಲ್ಲ. ಈಗ ಅದಕ್ಕೆ ನಾಕು ವರ್ಷ ಹತ್ತಿರ. ನಡೀತಾಳೋ, ಮಾತಾಡ್ತಾಳೋ...” ಅವರು ಪಂಚೆಯ ತುದಿಯಿಂದ ಮುಖ ಒರೆಸಿಕೊಂಡರು. “ನಿನ್ನ ಮಗು ಅತ್ರೆ ನನಗೆ ಕೆಳಗೆ ಕೂರಕ್ಕಾಗಲ್ಲ. ಅಳು ನಿಂತ್ರೆ ಇನ್ನೂ ಆಗಲ್ಲ. ಮೇಲೆ ಬಂದು ನಿಂತ್ಕೊಂಡು ಕೇಳ್ತೀನಿ. ನೀನು ಏನಾದ್ರೂ ಮಾತಾಡಿಸೋದು, ಅದು ಊಂ ಅನ್ನೋದು ಕೇಳುಸ್ತು ಅಂದ್ರೆ ಇಳಿದು ಹೋಗ್ತೀನಿ. ನೀನು ಆ ಹಾಳು ಕುಕ್ಕರ್ ಇಟ್ರೆ ಏನೂ ಕೇಳ್ತಿರಲಿಲ್ಲ. ಅದೆಷ್ಟು ಸೀಟಿ ಕೂಗುಸ್ತೀಯಮ್ಮಾ, ಏನು ಬೇಯುಸ್ತೀಯ ಅದ್ರಲ್ಲಿ?”

ಮಧುಮತಿಗೆ ನಗು ಬಂತು, ಜೊತೆಗೇ ಅಳುವೂ. “ಬರೇ ನೀರ್ರೀ ಅಪ್ಪಾರ,” ಎಂದಳು.

ಮೌನೇಶ ಬಂದ ಮೇಲೆ ಗೋಡೆಯ ತೂತನ್ನು ನೋಡಿ, ಸುಮ್ಮನೆ ತನ್ನ ಎರಡು ಕೈಗಳನ್ನು ನೋಡಿಕೊಂಡ. ‘ಗಟ್ಟಿ ಅದ’ ಎಂದಿದ್ದ ಕೈ. ಮಧುಮತಿ ಅವನನ್ನು ದೂರಲಿಲ್ಲ. ಪೈಪಿಗೆ ಕಟ್ಟೋಣವೆಂದವಳು ತಾನು.

ಎರಡು ದಿನ ಬಿಟ್ಟು ಜಯದೇವಪ್ಪ ಮೇಸ್ತ್ರಿ ಮುನಿಯಣ್ಣನನ್ನು ಕರೆತಂದರು. ಅವನು ತಾರಸಿ ಒಡೆದು, ಒಳಗಿನ ಕಂಬಿ ಕಾಣುವವರೆಗೂ ಕೆತ್ತಿದ. ಬೆರಳು ದಪ್ಪದ ಹೊಸ ಕೊಂಡಿಯನ್ನು ಆ ಕಂಬಿಗೇ ಸುತ್ತಿಸಿ ಸಿಮೆಂಟು ತುಂಬಿದ. ಮುಗಿಯುವವರೆಗೂ ಜಯದೇವಪ್ಪ ಸ್ಟೂಲಿನ ಪಕ್ಕದಿಂದ ಕದಲಲಿಲ್ಲ.

“ಸಾರ್, ನೀವು ಹಿಂಗೆ ಕತ್ತೆತ್ತಿ ನೋಡ್ತಿದ್ರೆ ನನ್ನ ಕೈ ನಡುಗುತ್ತೆ. ಟೀ ಕುಡ್ಕೊಂಡ್ ಬನ್ನಿ.”

“ನಡುಗಲಿ. ನಿಧಾನ ಮಾಡು.”

“ಸಿಮೆಂಟು ಗಟ್ಟಿಯಾಗ್ಲಿ, ಹದಿನೈದು ದಿನ ನೀರು ಹಿಡೀರಿ. ಆಮೇಲೆ ಆನೆ ತಂದು ಕಟ್ಟಿ.”

ಹದಿನೈದು ದಿನ ಎಂದರೆ ಅಮಾವಾಸ್ಯೆ ದಾಟಿ ಶ್ರಾವಣಕ್ಕೆ ಹತ್ತು ದಿನ. ಮಧುಮತಿ ಮೌನೇಶನ ಮುಖ ನೋಡಿದಳು, ಮೌನೇಶ ನೆಲ ನೋಡಿದ. ನೀಲಗಂಗಮ್ಮ ರೇಣುವನ್ನು ತಮ್ಮ ಚಾಚಿದ ಕಾಲ ಮೇಲೆ ಹಾಕಿಕೊಂಡು ತೂಗುತ್ತ, ಯಾರಿಗೂ ಅಲ್ಲದ ಹಾಗೆ, “ಕೊಂಡಿ ಒಣಗೋ ಮುಂಚೆ ಎಲ್ಲಿಗೆ ಹೋಗ್ತಾಳಂತೆ ಇವಳು?” ಎಂದರು. ಖಾಲಿ ಮಾಡುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಮೌನೇಶ ಭಾನುವಾರ ಸೈಕಲ್ ಏರುವುದನ್ನು ಬಿಟ್ಟ.

ಕೊಂಡಿ ಒಣಗಿದ ದಿನ ಜಯದೇವಪ್ಪ ಮೇಲೆ ಬಂದು, ಹಗ್ಗ ಕಟ್ಟಿ, ಎಲ್ಲರೆದುರು ಜೋತುಬಿದ್ದರು. ಕೊಂಡಿ ಮಿಸುಕಲಿಲ್ಲ. ಇಳಿದ ಮೇಲೂ ಅವರ ಮುಖದಲ್ಲಿ ನೆಮ್ಮದಿ ಕಾಣಲಿಲ್ಲ. ಮಗುವನ್ನು ಜೋಲಿಗೆ ಹಾಕುವುದನ್ನು ನೋಡಲು ನಿಲ್ಲದೆ ಕೆಳಗೆ ಹೋದರು.

ಹೆದರಿಕೆ ಅಂಥದ್ದು. ಸಿಮೆಂಟು ತುಂಬಿದರೆ ಮುಚ್ಚಿಹೋಗುವುದಲ್ಲ. ಈಗ ಅದು ಮೇಲಿನ ಮನೆಗೂ ಬಂದಿತ್ತು. ರೇಣುವನ್ನು ಜೋಲಿಗೆ ಹಾಕುವ ಮುಂಚೆ ಮಧುಮತಿ ಪ್ರತಿಸಲ ತಲೆ ಎತ್ತಿ ಕೊಂಡಿಯ ಬಾಯಿ ನೋಡುತ್ತಿದ್ದಳು, ನಿನ್ನೆಗಿಂತ ಕೂದಲೆಳೆಯಷ್ಟು ಅಗಲವಾಯಿತೇ ಎಂದು. ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಕಾಲು ಮಡಚಿ, ತನ್ನ ಪೂರ್ತಿ ಭಾರ ಬಿಟ್ಟು, ಹತ್ತು ಎಣಿಸುವವರೆಗೆ ತೂಗುತ್ತಿದ್ದಳು. ಆಮೇಲೆಯೇ ಮಗು.

ಒಂದು ಮಧ್ಯಾಹ್ನ ಹಾಗೆ ತೂಗುತ್ತಿರುವಾಗ, ನೆಲದ ಮೇಲಿದ್ದ ರೇಣು ನಿದ್ದೆಗೆ ರಚ್ಚೆ ಹಿಡಿದು ಅಳುತ್ತಿದ್ದಳು. ಕೆಳಗೆ ಚಿಲಕ ಸದ್ದಾಯಿತು. ಚಪ್ಪಲಿ. ಏಳಕ್ಕೆ ಉಸಿರು. ಹದಿನಾಲ್ಕಕ್ಕೆ ಬಾಗಿಲ ಆಚೆ ಬಂದು ನಿಂತಿತು. ಬಾಗಿಲಿಗೆ ಒರಳುಕಲ್ಲು ಇರಲಿಲ್ಲ, ಆದರೂ ಅವರು ಬಡಿಯಲಿಲ್ಲ.

“ಜೋತುಬಿದ್ದು ನೋಡೀನ್ರೀ ಅಪ್ಪಾರ,” ಎಂದು ಮಧುಮತಿ ಒಳಗಿನಿಂದಲೇ ಕೂಗಿದಳು. “ಗಟ್ಟಿ ಅದ.”

ಆಚೆ ಚಪ್ಪಲಿ ಕದಲಲಿಲ್ಲ.

“ಇನ್ನೊಂದ್ಸಲ ನೋಡಮ್ಮ,” ಎಂದರು.

ಅವಳು ಇನ್ನೊಂದು ಸಲ ಜೋತುಬಿದ್ದು, ಅವರಿಗೆ ಕೇಳುವಂತೆ ಜೋರಾಗಿ ಹತ್ತರವರೆಗೆ ಎಣಿಸಿದಳು. ಆಮೇಲೆ ಮಗುವನ್ನು ಎತ್ತಿ ಜೋಲಿಗೆ ಹಾಕಿದಳು. ಚಪ್ಪಲಿ ಒಂದೊಂದೇ ಮೆಟ್ಟಿಲು ಇಳಿಯತೊಡಗಿತು.